ಕಬ್ಬಿನ ತುಂಡು ಅವಳಿಗೆ

ಕೇಳುಗರೇ, ನಮಸ್ಕಾರ.

ನಾನು ಮಂಡ್ಯ ಸೀಮೆಯ ಒಬ್ಬ ಮೇಷ್ಟ್ರು. ಆಲೆಮನೆ ಕೆಲಸಕ್ಕೆ ಉತ್ತರ ಭಾರತದಿಂದ ಬಂದವರ ಮಗಳೊಬ್ಬಳು ನನ್ನ ತರಗತಿಗೆ ಸೇರಿದಳು. ಊರಿನ ಮಕ್ಕಳ ನಡುವೆಯೇ ಕೂರಿಸಿದೆ. ಇಷ್ಟು ಸಾಕು ಅಂದುಕೊಂಡೆ. ಬಿಸಿಯೂಟದ ಹೊತ್ತಿಗೆ ನೋಡಿದರೆ, ಜಗಲಿಯ ಮೂಲೆಯಲ್ಲಿ ಒಬ್ಬಳೇ ತಟ್ಟೆ ಹಿಡಿದು ಕೂತಿದ್ದಳು. ಎರಡು ತಿಂಗಳು ಹೀಗೇ ನಡೆಯಿತು. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಮಕ್ಕಳನ್ನು ಒಟ್ಟಿಗೆ ಕೂರಿಸುವುದಕ್ಕೇ ಎಷ್ಟೋ ಹೋರಾಟ ಬೇಕಾಯಿತು, ನಿಜ. ಬಿಳಿಯರಿಗೊಂದು, ಕರಿಯರಿಗೊಂದು ಸರ್ಕಾರಿ ಶಾಲೆ ಇರಕೂಡದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ. ಆದರೆ 1971ರಲ್ಲಿ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಬಿಳಿಯರ, ಕರಿಯರ, ಮೆಕ್ಸಿಕೋ ಮೂಲದವರ ಮಕ್ಕಳು ಒಂದೇ ಕೋಣೆಗೆ ಬಂದಾಗ ಜಗಳ ಶುರುವಾಯಿತು. ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ತರಗತಿಯ ರೀತಿ ನೋಡಿದರು. ಮೊದಲು ಕೈ ಎತ್ತಿದವನದೇ ಗೆಲುವು. ಒಬ್ಬ ತಪ್ಪಿದರೆ ಇನ್ನೊಬ್ಬನಿಗೆ ಖುಷಿ. ಅಲ್ಲಿ ಗೆಳೆತನ ಹೇಗೆ ಬೆಳೆದೀತು?

ಅವರು ಪಾಠವನ್ನೇ ತುಂಡು ಮಾಡಿದರು. ಐದಾರು ಮಕ್ಕಳ ಗುಂಪು, ಒಬ್ಬೊಬ್ಬರಿಗೆ ಒಂದೊಂದು ತುಂಡು. ಒಂದೇ ತುಂಡು ಸಿಕ್ಕ ಬೇರೆ ಬೇರೆ ಗುಂಪಿನ ಮಕ್ಕಳು ಮೊದಲು ಕೂಡಿ ತಯಾರಾಗುತ್ತಾರೆ. ಭಾಷೆ ತಡವರಿಸುವ ಮಗುವಿಗೆ ಧೈರ್ಯ ಬರುವುದು ಅಲ್ಲೇ. ಆಮೇಲೆ ತನ್ನ ಗುಂಪಿಗೆ ಹೇಳಿಕೊಡಬೇಕು. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ. ಪಕ್ಕದವಳ ಮಾತು ಕೇಳದಿದ್ದರೆ ಉತ್ತರ ಬರೆಯೋಕಾಗಲ್ಲ, ಅಲ್ವಾ?

ನಾನೂ ಕಾವೇರಿಯ ಪಾಠವನ್ನು ಹಾಗೇ ಹಂಚಿದೆ. ತಲಕಾವೇರಿ, ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, ಕಬ್ಬು. ಕಬ್ಬಿನ ತುಂಡು ಅವಳಿಗೆ.

ಗುಂಪಿನಲ್ಲಿ ಬೆಲ್ಲ ತಿನ್ನದವರು ಯಾರೂ ಇರಲಿಲ್ಲ. ಆದರೆ ಪಾಕ ಹದಕ್ಕೆ ಬಂತೇ ಅಂತ ನೀರಿಗೆ ತೊಟ್ಟು ಬಿಟ್ಟು ನೋಡುವುದು, ಕೊಪ್ಪರಿಗೆ ಇಳಿಸುವುದು, ಅಚ್ಚಿಗೆ ಹುಯ್ಯುವುದು, ಇದನ್ನೆಲ್ಲ ಅಪ್ಪನ ಪಕ್ಕ ನಿಂತು ದಿನಾ ನೋಡಿದವಳು ಅವಳೊಬ್ಬಳೇ. ಅರ್ಧ ಕನ್ನಡ, ಅರ್ಧ ಕೈಸನ್ನೆಯಲ್ಲಿ ಹೇಳಿದಳು. ಕನ್ನಡದ ಮಾತು ಸಿಗದೆ ನಿಂತಾಗ ಉಳಿದವರೇ ಎತ್ತಿಕೊಟ್ಟರು.

"ನಿಮ್ಮೂರಲ್ಲಿ ಬೆಲ್ಲಕ್ಕೆ ಏನಂತಾರೆ?" ಒಬ್ಬ ಹುಡುಗ ಕೇಳಿದ.

"ಗುಡ್" ಅಂದಳು. ಎಲ್ಲರೂ ಹೇಳಿ ನೋಡಿದರು.

"ಹಂಗಲ್ಲ, ಹಿಂಗೆ" ಅಂತ ತಿದ್ದಿದಳು, ನಮ್ಮ ಮಂಡ್ಯದ ಮಾತಿನಲ್ಲೇ.