ಬೆರಳಲ್ಲಿ ಶುರು, ಎದೆಯಲ್ಲಿ ಪೆಟ್ಟು

ಕೇಳುಗರಿಗೆ ನಮಸ್ಕಾರ.

ಬೆಳಿಗ್ಗೆ ತಣ್ಣೀರಲ್ಲಿ ಪಾತ್ರೆ ತೊಳೆಯುವಾಗ ಬೆರಳುಗಳು ಸುಣ್ಣದ ಹಾಗೆ ಬಿಳುಚಿಕೊಳ್ಳುತ್ತವೆ. ಆಮೇಲೆ ನೀಲಿ, ಬೆಚ್ಚಗಾದ ಮೇಲೆ ಕೆಂಪು. ಎಷ್ಟೋ ಜನಕ್ಕೆ ಇದು ಸುಮ್ನೆ ಚಳಿಗೆ ಆಗುವಂಥದ್ದು, ಭಯ ಬೇಡ. ಆದರೆ ಜೊತೆಗೆ ಬೆರಳು ಊದಿ, ಉಂಗುರ ಬಿಗಿಯಾಗಿ, ಚರ್ಮ ಗಟ್ಟಿಯಾಗುತ್ತಾ ಬಂದರೆ ಅದು ಸ್ಕ್ಲಿರೋಡರ್ಮಾ ಇರಬಹುದು. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಇದು. ಹೆಂಗಸರಲ್ಲಿ ಜಾಸ್ತಿ.

ಚರ್ಮ ಕಣ್ಣಿಗೆ ಕಾಣುತ್ತದೆ. ಶ್ವಾಸಕೋಶ ಕಾಣುವುದಿಲ್ಲ, ಅಲ್ವಾ? ಅಲ್ಲಿ ಗಾಳಿ ತುಂಬುವ ಪುಟ್ಟ ಚೀಲಗಳಿವೆ. ಈ ಕಾಯಿಲೆ ಇರುವ ಹಲವರಲ್ಲಿ ಅವುಗಳ ನಡುವಿನ ತೆಳು ಗೋಡೆ ಹಳೆಯ ಗಾಯದ ಕಲೆಯ ಹಾಗೆ ದಪ್ಪವಾಗುತ್ತದೆ. ಆಮ್ಲಜನಕ ರಕ್ತಕ್ಕೆ ಇಳಿಯುವುದು ಕಷ್ಟವಾಗುತ್ತದೆ. ಈ ಕಾಯಿಲೆಯಲ್ಲಿ ಇವತ್ತು ಜೀವ ತೆಗೆಯುತ್ತಿರುವುದು ಹೆಚ್ಚಾಗಿ ಶ್ವಾಸಕೋಶದ ತೊಂದರೆಯೇ.

ಇದು ಸದ್ದಿಲ್ಲದೆ ಬರುತ್ತದೆ. ಮೊದಲು ಮಹಡಿ ಹತ್ತುವಾಗ ಏದುಸಿರು. 'ವಯಸ್ಸಾಯ್ತು, ರಕ್ತ ಕಡಿಮೆ ಇರಬೇಕು' ಅಂತ ಮನೆಯವರೂ ಅನ್ನುತ್ತಾರೆ. ಆಮೇಲೆ ಕಫವಿಲ್ಲದ ಒಣ ಕೆಮ್ಮು. ಟಾನಿಕ್ಕು, ಸಿರಪ್ಪು ಅಂತ ತಿಂಗಳುಗಳು ಕಳೆಯುತ್ತವೆ. ನನಗೆ ತುಂಬಾ ಸಂಕಟವಾಗುವುದು ಈ ಕಳೆದುಹೋದ ತಿಂಗಳುಗಳಿಗೆ. ಏಕೆಂದರೆ ಒಮ್ಮೆ ಬಿದ್ದ ಕಲೆಯನ್ನು ಯಾವ ಔಷಧಿಯೂ ಅಳಿಸುವುದಿಲ್ಲ.

ಹಾಗಾಗಿ ದಮ್ಮು ಬರಲಿ ಅಂತ ಕಾಯಬೇಡಿ. ಸ್ಕ್ಲಿರೋಡರ್ಮಾ ಅಂತ ಗೊತ್ತಾದ ದಿನವೇ ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಎದೆಯ ಎಚ್‌ಆರ್‌ಸಿಟಿ ಸ್ಕ್ಯಾನ್ ಮತ್ತು ಉಸಿರಾಟದ ಪರೀಕ್ಷೆ ಮಾಡಿಸುವ ಬಗ್ಗೆ ಡಾಕ್ಟರನ್ನು ಕೇಳಿ. ಮಾಮೂಲಿ ಎಕ್ಸ್‌ರೇ ಶುರುವಿನಲ್ಲಿ ಏನನ್ನೂ ತೋರಿಸದೆ ಇರಬಹುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೂ ಪೂರ್ತಿ ನಂಬಬೇಡಿ. ತಣ್ಣಗಾದ ಬೆರಳಲ್ಲಿ ರಕ್ತದ ಓಟವೇ ಕಡಿಮೆ, ಅದು ತಪ್ಪು ಲೆಕ್ಕ ಕೊಡಬಹುದು. ಕಿವಿಗೋ ಹಣೆಗೋ ಹಾಕುವ ಸಾಧನ ವಾಸಿ.

ಔಷಧಿ ಇದೆ. ತಿರುಗಿಬಿದ್ದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೈಕೋಫೆನೊಲೇಟ್ ಮಾತ್ರೆ ಹಳೆಯ ಔಷಧಿ ಸೈಕ್ಲೋಫಾಸ್ಫಮೈಡ್‌ನಷ್ಟೇ ಕೆಲಸ ಮಾಡುತ್ತದೆ, ಅಡ್ಡಪರಿಣಾಮ ಕಡಿಮೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2019ರಲ್ಲಿ ಸ್ಕ್ಲಿರೋಡರ್ಮಾದ ಶ್ವಾಸಕೋಶದ ತೊಂದರೆಗೆ ನಿಂಟೆಡಾನಿಬ್ ಅನ್ನುವ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಕಲೆ ಹರಡುವ ವೇಗ ತಗ್ಗಿಸುತ್ತದೆ.

ಒಂದು ಮಾತ್ರ ಬೇಡವೇ ಬೇಡ. ಕೈಕಾಲು ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ನೀವಾಗಿಯೇ ಸ್ಟೀರಾಯ್ಡ್ ತಂದು ನುಂಗಬೇಡಿ. ಈ ಕಾಯಿಲೆ ಇದ್ದವರಲ್ಲಿ ಅದರ ಡೋಸ್ ಜಾಸ್ತಿಯಾದರೆ ಬಿಪಿ ದಿಢೀರನೆ ಏರಿ ಕಿಡ್ನಿ ಕೆಡಬಹುದು. ಅದು ಬೇಕೋ ಬೇಡವೋ, ಎಷ್ಟು ಬೇಕು ಅನ್ನುವುದನ್ನು ಕೀಲುರೋಗದ ಡಾಕ್ಟರಿಗೆ ಬಿಡಿ.

ನಮಸ್ಕಾರ.