ಜೋಗ ಏಪ್ರಿಲ್‌ನಲ್ಲಿ ಬೀಳಲ್ಲ ಸ್ವಾಮಿ

ನಮಸ್ಕಾರ ಎಲ್ಲರಿಗೂ. ಇವತ್ತು ಮಾತಾಡಬೇಕು ಅಂತಿದ್ದದ್ದು ಬೇರೆ ವಿಷಯ. ಅಪ್ಪೆಮಿಡಿ ಬಗ್ಗೆ ಎರಡು ಪುಟ ಬರೆದು ಇಟ್ಟುಕೊಂಡಿದ್ದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕಾಮೆಂಟ್ ನೋಡಿದೆ ನೋಡಿ, ಮುಗೀತು. ಅಪ್ಪೆಮಿಡಿ ಮುಂದಿನ ವಾರಕ್ಕೆ ಹೋಯಿತು.

ಹಿಂದಿನ ವಿಡಿಯೋದಲ್ಲಿ ಮಾತಿನ ಮಧ್ಯೆ ಒಂದು ಸಾಲು ಬಂದಿತ್ತು. ಜುಲೈನಲ್ಲಿ ಮಗಳಿಗೆ ಮೂರು ದಿನ ಶಾಲೆ ಬಿಡಿಸಿ ಜೋಗಕ್ಕೆ ಕರೆದುಕೊಂಡು ಹೋಗಿದ್ದೆ ಅಂತ. ಅಷ್ಟೇ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಶಾಲೆ ಏನು ಛತ್ರಾನಾ, ಬೇಕಾದಾಗ ಬಂದು ಬೇಡವಾದಾಗ ಎದ್ದು ಹೋಗೋಕೆ? ಬೇಸಿಗೆ ರಜೆ ಅಷ್ಟು ದಿನ ಕೊಡ್ತಾರೆ, ಆಗ ಏನು ಮಾಡ್ತಿದ್ರಿ?" ನನ್ನ ವಿಡಿಯೋಗಿಂತ ಜಾಸ್ತಿ ಲೈಕ್ ಆ ಕಾಮೆಂಟಿಗೇ ಬಿದ್ದಿದೆ. ಅದೂ ಒಂದು ಹೊಟ್ಟೆಕಿಚ್ಚು, ಮುಚ್ಚಿಡುವುದಿಲ್ಲ.

ಸಾರ್, ನಿಮಗೆ ಉತ್ತರ ಒಂದೇ ಸಾಲು. ಜೋಗ ಏಪ್ರಿಲ್‌ನಲ್ಲಿ ಬೀಳುವುದಿಲ್ಲ.

ನಮ್ಮ ಶಾಲೆಗಳಿಗೆ ರಜೆ ಯಾವಾಗ? ಏಪ್ರಿಲ್, ಮೇ. ಜೋಗದಲ್ಲಿ ನೀರು ಯಾವಾಗ? ಜುಲೈ, ಆಗಸ್ಟ್. ಏಪ್ರಿಲ್‌ನಲ್ಲಿ ಇರೋಬರೋ ನೀರೆಲ್ಲ ಮೇಲೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಕರೆಂಟಿಗೆ ಅಂತ ನಿಂತಿರುತ್ತದೆ. ಕೆಳಗೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ನಲ್ಲಿಯ ವಾಷರ್ ಹೋದ ಹಾಗೆ. 830 ಅಡಿ ಎತ್ತರದ ಬಂಡೆ ನೋಡೋಕೆ ಬೆಂಗಳೂರಿನಿಂದ ಒಂದು ರಾತ್ರಿ ರೈಲಿನಲ್ಲಿ ಹೋಗಬೇಕಾ? ಬಂಡೆ ನಮ್ಮ ಲಾಲ್‌ಬಾಗಿನಲ್ಲೂ ಇದೆ.

ಆಮೇಲೆ ಸುಮ್ನೆ ಕುತೂಹಲಕ್ಕೆ ಈ ಸಾರ್‌ದು ಡಿಪಿ ದೊಡ್ಡದು ಮಾಡಿ ನೋಡಿದೆ. ಹೆಂಡತಿ, ಇಬ್ಬರು ಮಕ್ಕಳು, ಕೂಲಿಂಗ್ ಗ್ಲಾಸ್. ಎಲ್ಲಿ ಗೊತ್ತಾ? ಜೋಗದಲ್ಲೇ! ಹಿಂದೆ ಒಂದು ಹನಿ ನೀರಿಲ್ಲ. ಬೇಸಿಗೆ ರಜೆಯ ಫೋಟೋ ಸ್ವಾಮಿ ಅದು. ನೀವೇ ಸಾಕ್ಷಿ.

ನಾವು ಹೋಗಿದ್ದು ಹೇಗೆ ಹೇಳುತ್ತೇನೆ. ಸೋಮವಾರ ರಾತ್ರಿ ತಾಳಗುಪ್ಪದ ರೈಲು ಹತ್ತಿದೆವು. ಬೆಳಿಗ್ಗೆ ಇಳಿದರೆ ಕೊಡೆ ಬಿಚ್ಚೋದಾ, ಚೀಲ ಹಿಡಿಯೋದಾ ಗೊತ್ತಾಗದಂಥ ಮಳೆ. ಜೋಗದ ಕಟ್ಟೆ ಹತ್ತಿರ ಹೋಗಿ ನಿಂತರೆ ಏನೂ ಕಾಣಿಸುವುದಿಲ್ಲ. ಮಂಜು. ಬರೀ ಬಿಳಿ. ಸದ್ದು ಮಾತ್ರ ಕಾಲಿನಿಂದ ಹತ್ತಿ ಎದೆಗೆ ಬರುತ್ತದೆ. ಮಗಳು ಸುಟ್ಟ ಜೋಳದ ತೆನೆ ಹಿಡಿದುಕೊಂಡು, ಅದಕ್ಕೆ ಹಚ್ಚಿದ ಖಾರ ಮಳೆಗೆ ತೊಳೆದು ಹೋಗುತ್ತಿದೆ, ತಿನ್ನುವುದನ್ನೂ ಮರೆತು ನಿಂತಿದ್ದಾಳೆ. ಮುಕ್ಕಾಲು ಗಂಟೆ ಕಾದೆವು. ಆಮೇಲೆ ಯಾರೋ ಪರದೆ ಎಳೆದ ಹಾಗೆ ಮಂಜು ಸರಿಯಿತು. ಎರಡೇ ನಿಮಿಷ. ಮತ್ತೆ ಮುಚ್ಚಿತು. ಅವಳು ಹೇಳಿದ್ದು ಒಂದೇ ಮಾತು: "ಅಪ್ಪಾ, ನೀರು ಕೆಂಪಗಿದೆ!" ಪುಸ್ತಕದ ಚಿತ್ರದಲ್ಲಿ ಬೆಳ್ಳಗೆ ಇತ್ತಂತೆ. ಮಣ್ಣು ಕೊಚ್ಚಿಕೊಂಡು ಬರೋದು, ಹೊಳೆ ತುಂಬೋದು, ಎಲ್ಲ ರೈಲಿನಲ್ಲಿ ವಾಪಸ್ ಬರುವವರೆಗೆ ಕೇಳುತ್ತಲೇ ಇದ್ದಳು. ಯಾವ ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ ಇಷ್ಟು ಪ್ರಶ್ನೆ ಕೇಳಿದ್ದಾಳೆ ಹೇಳಿ.

ಇನ್ನೊಂದು ತಮಾಷೆ. ಸಾಗರದಲ್ಲಿರುವ ನಮ್ಮ ಅಕ್ಕನ ಮಗನೂ ನಮ್ಮ ಜೊತೆ ಬಂದಿದ್ದ. ಅವನಿಗೆ ಆ ದಿನ ಮಳೆ ರಜೆ, ಡಿಸಿ ಆರ್ಡರ್. ಒಂದೇ ಕಂಬಿ ಹಿಡಿದು ಇಬ್ಬರು ಮಕ್ಕಳು ಒಂದೇ ಜೋಗ ನೋಡುತ್ತಿದ್ದಾರೆ. ಒಬ್ಬ ಕಾನೂನು ಪ್ರಕಾರ, ಒಬ್ಬಳು ಕಳ್ಳತನದಲ್ಲಿ!

ಕಳ್ಳತನ ಅಂದೆ ಅಲ್ವಾ, ಅದಕ್ಕೆ ಬರುತ್ತೇನೆ. ರಜೆ ಚೀಟಿಯಲ್ಲಿ ನಾನು ಇದ್ದದ್ದು ಇದ್ದ ಹಾಗೆ ಬರೆದಿದ್ದೆ, ಜೋಗ ನೋಡಲು ಹೋಗುತ್ತಿದ್ದೇವೆ ಅಂತ. ಕ್ಲಾಸ್ ಮಿಸ್ ಫೋನ್ ಮಾಡಿದರು. ಪಾಪ, ಒಳ್ಳೆಯವರು. "ಸಾರ್, ಜ್ವರ ಅಂತ ಬರೆದುಕೊಡಿ. ಪ್ರವಾಸ ಅಂದ್ರೆ ಮೇಲಿನವರು ಸೈನ್ ಹಾಕಲ್ಲ." ಮಗಳ ಎದುರಿಗೇ ಸ್ಪೀಕರ್‌ನಲ್ಲಿ ಈ ಮಾತು. ಮೌಲ್ಯ ಶಿಕ್ಷಣಕ್ಕೆ ವಾರಕ್ಕೊಂದು ಪೀರಿಯಡ್ ಬೇರೆ ಇದೆ ಆ ಶಾಲೆಯಲ್ಲಿ. ಕರ್ನಾಟಕದಲ್ಲಿ ರಜೆ ಚೀಟಿ ನಂಬಿದರೆ ನಮ್ಮ ಮಕ್ಕಳಿಗೆಲ್ಲ ಹುಟ್ಟಿದಾಗಿನಿಂದ ಜ್ವರ ಬಿಟ್ಟೇ ಇಲ್ಲ.

ಹಾಂ, ಜ್ವರ ಅಂದಾಗ ನೆನಪಾಯಿತು, ಇನ್ನೂ ಸಬ್‌ಸ್ಕ್ರೈಬ್ ಮಾಡದವರು ಮಾಡಿಬಿಡಿ. ಸಂಬಂಧ ಏನೂ ಇಲ್ಲ, ಗೊತ್ತು. ಮಾಡಿ.

"ಕಾನೂನು ಇದೆಯಲ್ಲ" ಅಂತಾರೆ. ಇದೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ಕ್ಲಾಸಿನವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ನಡೆಯಬೇಕು. ನಾನು ತೆಗೆದುಕೊಂಡದ್ದು ಮೂರು. ಎಸ್ಸೆಸ್ಸೆಲ್ಸಿಗೇ ಶೇಕಡಾ 75 ಹಾಜರಾತಿ ಸಾಕು. ಅಂದರೆ ನಾಲ್ಕು ದಿನಕ್ಕೆ ಒಂದು ದಿನ ಬಿಡಬಹುದು ಅಂತ ಅವರೇ ಹೇಳಿದ ಹಾಗಾಯಿತು. ಹಾಗಲ್ಲ ಅಂತೀರಾ? ಲೆಕ್ಕ ಲೆಕ್ಕವೇ. 2025ರ ದಸರಾದಲ್ಲಿ ಏನಾಯಿತು? ಜಾತಿ ಸಮೀಕ್ಷೆಗೆ ಮೇಷ್ಟ್ರುಗಳು ಬೇಕು ಅಂತ ಸರ್ಕಾರಿ, ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಸರ್ಕಾರ ಹತ್ತು ದಿನ ಎಳೆದರೆ ರಜೆ, ಅಪ್ಪ ಮೂರು ದಿನ ಕೇಳಿದರೆ ಅಶಿಸ್ತು!

ಜೋಗ ಒಂದೇ ಅಲ್ಲ ಸ್ವಾಮಿ. ನಮ್ಮ ನಾಡಿನಲ್ಲಿ ನೋಡಬೇಕಾದದ್ದೆಲ್ಲ ಶಾಲೆ ಇರುವಾಗಲೇ ಆಗೋದು. ಬಸವನಗುಡಿ ಕಡಲೆಕಾಯಿ ಪರಿಷೆ, ಕಾರ್ತಿಕದ ಕೊನೆ ಸೋಮವಾರ. ಸೋಮವಾರ! ಸಿರ್ಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ ಮಾರ್ಚ್ ಹೊತ್ತಿಗೆ, ಸರಿಯಾಗಿ ಪರೀಕ್ಷೆ ಜ್ವರದಲ್ಲಿ. ಅಮ್ಮನವರು ನಿಮ್ಮ ಕ್ಯಾಲೆಂಡರ್ ನೋಡಿಕೊಂಡು ತೇರು ಹತ್ತಬೇಕಾ? ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2018ರ ಫೆಬ್ರವರಿಯಲ್ಲಿ ಆಯಿತು. ಹನ್ನೆರಡು ವರ್ಷಕ್ಕೊಮ್ಮೆ. ಅವತ್ತು ಯೂನಿಟ್ ಟೆಸ್ಟ್ ಇದೆ ಅಂತ ಮೂರನೇ ಕ್ಲಾಸಿನ ಹುಡುಗನನ್ನು ಮನೆಯಲ್ಲಿ ಕೂರಿಸಿದವರು, 2030ರಲ್ಲಿ ಅವನನ್ನು ಎತ್ತಿಕೊಂಡು ಹೋಗುತ್ತೀರಾ? ಮೀಸೆ ಬಂದಿರುತ್ತದೆ ಅವನಿಗೆ. ಆ ಟೆಸ್ಟಿನಲ್ಲಿ ಎಷ್ಟು ಬಂತು ಅಂತ ಕೇಳಿ ನೋಡಿ.

ಇಂಗ್ಲೆಂಡಿನಲ್ಲಿ ಇನ್ನೂ ಚೆನ್ನಾಗಿದೆ. ನನ್ನ ಗೆಳೆಯನೊಬ್ಬ ಅಲ್ಲಿದ್ದಾನೆ. ತಂಗಿ ಮದುವೆ ನವೆಂಬರ್‌ನಲ್ಲಿ ಬಂತು. ಪುರೋಹಿತರು ಮುಹೂರ್ತ ಇಡುವಾಗ ಅಲ್ಲಿಯ ಶಾಲೆ ರಜೆ ಕೇಳುತ್ತಾರಾ? ಅಲ್ಲಿ 2024ರ ಆಗಸ್ಟ್‌ನಿಂದ ಅನುಮತಿ ಇಲ್ಲದೆ ಶಾಲೆ ಬಿಡಿಸಿದರೆ ದಂಡ 80 ಪೌಂಡ್. ಅದೂ ಒಂದು ಮಗುವಿಗೆ, ಒಬ್ಬೊಬ್ಬ ಪೋಷಕರಿಗೆ, 21 ದಿನದೊಳಗೆ ಕಟ್ಟಿದರೆ. ತಡವಾದರೆ 160. ಅವರಿಗೆ ಇಬ್ಬರು ಮಕ್ಕಳು, ಗಂಡ ಹೆಂಡತಿ ಸೇರಿ 320 ಪೌಂಡ್. ಅವನು ಶಾಂತವಾಗಿ ಕಟ್ಟಿದ. "ಡಿಸೆಂಬರ್ ಟಿಕೆಟ್ಟಿಗೆ ಹೋಲಿಸಿದರೆ ಇದೇ ಅಗ್ಗ ಮಾರಾಯ" ಅಂದ. ಇಲ್ಲೂ ಹಾಗೇ ಅಲ್ವಾ? ದಸರಾ ಹಿಂದಿನ ಸಂಜೆ ಖಾಸಗಿ ಬಸ್ಸಿನ ರೇಟು ನೋಡಿ, ಸ್ಟೇರಿಂಗೂ ನಮಗೇ ಕೊಡುತ್ತಾರೇನೋ ಅನ್ನಿಸುತ್ತದೆ.

"ಎಲ್ಲರೂ ಹೀಗೇ ಮಾಡಿದರೆ?" ಬಂತು ನೋಡಿ ಪ್ರಶ್ನೆ. ಎಲ್ಲರೂ ಮಾಡುವುದಿಲ್ಲ. ಎಲ್ಲರೂ ಏಪ್ರಿಲ್‌ನಲ್ಲಿ ಬಂಡೆ ನೋಡೋಕೆ ಹೋಗುತ್ತಾರೆ.

ಇನ್ನೊಂದು ವಾದ ಇದೆ. ಇದು ಹೊರಗಿನವರದ್ದಲ್ಲ, ಮನೆಯದ್ದೇ. ನನ್ನ ಹೆಂಡತಿ ಟೀಚರ್. ನಮ್ಮ ಮಗಳ ಶಾಲೆಯಲ್ಲಲ್ಲ, ಬೇರೆ ಕಡೆ. ಜೋಗಕ್ಕೆ ಅವಳು ಬರಲಿಲ್ಲ, ರಜೆ ಸಿಗಲಿಲ್ಲ. ಅವಳು ಹೇಳೋದು: "ನಲವತ್ತು ಮಕ್ಕಳಲ್ಲಿ ವಾರಕ್ಕೆ ನಾಲ್ಕು ಮಕ್ಕಳು ಜೋಗ, ಜಾತ್ರೆ ಅಂತ ಹೋದ್ರೆ ಆ ಪಾಠ ಮತ್ತೆ ಮಾಡೋದು ನೀವಾ, ನಾನಾ?" ಇದಕ್ಕೆ ಉತ್ತರ... ಮುಂದಕ್ಕೆ ಹೋಗೋಣ.

ಒಟ್ಟಿನಲ್ಲಿ ಜೋಗ ಏಪ್ರಿಲ್‌ನಲ್ಲಿ ಬೀಳಲ್ಲ. ಬೀಳಲ್ಲ ಅಂದರೆ ಬೀಳಲ್ಲ. ಸ್ಕ್ರಿಪ್ಟಿನಲ್ಲಿ ಇನ್ನೂ ಎರಡು ಕಾರಣ ಬರೆದಿದ್ದೆ, ಕಾಫಿ ಚೆಲ್ಲಿ ಓದೋಕೆ ಆಗುತ್ತಿಲ್ಲ. ಬಲವಾದ ಕಾರಣಗಳೇ, ನಂಬಿ. ಅಂದ ಹಾಗೆ ಅಪ್ಪೆಮಿಡಿ ಉಪ್ಪಿನಕಾಯಿ ಬೇಕಾದವರು ಮೆಸೇಜ್ ಮಾಡಿ, ಅತ್ತೆ ಹಾಕಿದ್ದು, ಹನ್ನೊಂದು ಬಾಟಲಿ ಉಳಿದಿದೆ. ಬೈದು ಕಾಮೆಂಟ್ ಹಾಕಿದವರಿಗೂ ಕೊಡುತ್ತೇನೆ.

ಒಂದು ನಿಮಿಷ. ಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಕೈಯಲ್ಲಿ ಲೆಕ್ಕದ ಪುಸ್ತಕ. ಆ ಮೂರು ದಿನ ಕ್ಲಾಸಿನಲ್ಲಿ ಭಿನ್ನರಾಶಿ ಮಾಡಿದ್ದರಂತೆ. ನಾಳೆ ಟೆಸ್ಟಂತೆ. ಅದಕ್ಕೂ ಜೋಗಕ್ಕೂ ಸಂಬಂಧ ಇಲ್ಲ, ಕಟ್ ಮಾಡಬೇಡಿ, ಇರಲಿ. ಏನಮ್ಮಾ? ಮೂರನೇ ಎರಡಕ್ಕೆ ನಾಲ್ಕನೇ ಒಂದು ಕೂಡಿಸಬೇಕಾ? ಛೇದ ಎರಡೂ ಬೇರೆ ಬೇರೆ... ಲಸಾಅ... ಮೂರು, ನಾಲ್ಕು...

ಅಮ್ಮ ಎಲ್ಲಿದ್ದಾಳೆ ನೋಡು ಪುಟ್ಟಿ.