ಬಲೆ ಬಿದ್ದದ್ದನ್ನು ನಾನು ಬರೆದಿರಲಿಲ್ಲ

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ನನ್ನನ್ನು ‘ಅನಿಮೇಷನ್ ಕಲಾವಿದ’ ಎಂದು ಪರಿಚಯಿಸಿದರು. ಬೇಸರವಿಲ್ಲ, ನಮ್ಮ ಮನೆ ಹತ್ತಿರವೂ ಹಾಗೇ ಅಂದುಕೊಂಡಿದ್ದಾರೆ. ಆದರೆ ನಾನು ಮಾಡುವುದು ವೆಬ್‌ಕಾಮಿಕ್, ಫೋನಿನಲ್ಲಿ ಓದುವ ಚಿತ್ರಕಥೆ. ನನ್ನ ಚಿತ್ರಗಳು ಅಲುಗಾಡುವುದಿಲ್ಲ. “ಸ್ವಲ್ಪ ಅಲುಗಾಡಿಸಿದರೆ ಎಂತ ಮಾರಾಯ, ಜನ ನೋಡ್ತಾರಲ್ಲ?” ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ.

ಅಲುಗಾಡಿಸಿ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯವರು 20 ಸೆಕೆಂಡಿನ ಜಾಹೀರಾತು ಕೇಳಿದರು. ಒಬ್ಬ ಮೀನುಗಾರ ಹೊಳೆಯಲ್ಲಿ ನಿಂತು ಬಲೆ ಬೀಸಬೇಕು, ಅಷ್ಟೇ. ಲೆಕ್ಕ ಹಾಕದೆ ಒಪ್ಪಿಕೊಂಡೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. 20 ಸೆಕೆಂಡಿಗೆ 240. ಅದೂ ಬಲೆ! ಮನುಷ್ಯನ ಕೈ ಬರೆಯಬಹುದು. ಬಲೆ ಬಿಚ್ಚಿಕೊಳ್ಳುವಾಗ ಅದರ ಒಂದೊಂದು ಕಣ್ಣೂ ಜಾಗ ಬದಲಿಸುತ್ತದೆ. ಎರಡು ವಾರ ನಿದ್ದೆಯಲ್ಲೂ ಬಲೆ. ಕೊನೆಗೆ ಅಂಗಡಿಯವರು ಮೀನುಗಾರ ಬೇಡ, ಲೋಗೋ ಒಂದು ತಿರುಗಿದರೆ ಸಾಕು ಎಂದರು. ಬಾಕಿ ದುಡ್ಡು ಇನ್ನೂ ಬಂದಿಲ್ಲ, ಅದು ಬೇರೆ ವಿಷಯ.

ಆದರೆ ಆ ಎರಡು ವಾರದಲ್ಲಿ ನಾನು ಕಲಿತದ್ದು ಜಾಸ್ತಿ. ಅನಿಮೇಷನ್‌ನಲ್ಲಿ ಮೊದಲು ಮುಖ್ಯ ಭಂಗಿಗಳನ್ನು ಬರೆದುಕೊಳ್ಳುತ್ತಾರೆ. ಅವು ‘ಕೀ’ ಚಿತ್ರಗಳು. ನಡುವೆ ತುಂಬಿಸುವ ಚಿತ್ರಗಳು ‘ಇನ್‌ಬಿಟ್ವೀನ್’. ದೊಡ್ಡ ಸ್ಟುಡಿಯೋಗಳಲ್ಲಿ ಇವೆರಡನ್ನು ಬೇರೆಬೇರೆ ಜನ ಮಾಡುತ್ತಾರೆ. ನನ್ನಲ್ಲಿ ಎರಡೂ ನಾನೇ. ಬಲೆ ಬೀಸಲು ನಾಲ್ಕು ಕೀ ಬರೆದಿದ್ದೆ. ನೀರು ನೋಡುತ್ತಾ ನಿಂತವನು. ಸೊಂಟ ತಿರುಚಿ, ಬಲೆ ಹಿಂದಕ್ಕೆ ಎಳೆದುಕೊಂಡವನು. ಕೈ ಚಾಚಿದವನು, ಬಲೆ ಗಾಳಿಯಲ್ಲಿ. ಕೊನೆಯದರಲ್ಲಿ ಅವನು ಮುಂದಕ್ಕೆ ಬಾಗಿ ಹಗ್ಗ ಎಳೆಯುತ್ತಿದ್ದಾನೆ. ಈ ಎರಡನೆಯ ಚಿತ್ರ ಬಿಟ್ಟರೆ ಬೀಸುವುದರಲ್ಲಿ ಬಲವೇ ಇರುವುದಿಲ್ಲ. ಮುಂದಕ್ಕೆ ಹೋಗುವ ಮೊದಲು ಮೈ ಹಿಂದಕ್ಕೆ ಹೋಗಬೇಕು. ನಿಂತ ಚಿತ್ರ ಬರೆಯುವವರಿಗೂ ಇದು ಬೇಕು.

ಆ ನಾಲ್ಕನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆ. ಚಹಾ ತಂದ ಅಮ್ಮ ಬಗ್ಗಿ ನೋಡಿ, “ಮೀನು ಸಿಕ್ಕಿತಾ ಅವನಿಗೆ?” ಎಂದರು. ನಾನು ಮೀನು ಬರೆದಿರಲಿಲ್ಲ. ಬಲೆ ನೀರಿಗೆ ಬಿದ್ದದ್ದನ್ನೂ ಬರೆದಿರಲಿಲ್ಲ. ಉಳಿದ 236 ಚಿತ್ರಗಳನ್ನು ಅಮ್ಮ ನಿಂತಲ್ಲೇ ಬರೆದು ಮುಗಿಸಿದ್ದರು!

ಕಾಮಿಕ್ಸ್ ಅಂದರೆ ಬಡವರ ಅನಿಮೇಷನ್ ಅಲ್ಲ ಅಂತ ನನಗೆ ಗೊತ್ತಾದದ್ದು ಆವತ್ತು. ಇಲ್ಲೂ ಇನ್‌ಬಿಟ್ವೀನ್ ಉಂಟು. ಬರೆಯುವುದು ಓದುಗರು.

ಯಕ್ಷಗಾನ ನೋಡುವವರಿಗೆ ಇದನ್ನು ಬೇಗ ಹೇಳಬಹುದು. ಆಟದಲ್ಲಿ ಸಮಯ ಯಾರ ಕೈಯಲ್ಲಿದೆ? ಭಾಗವತರ ಕೈಯಲ್ಲಿ. ಅವರು ಪದ ಎತ್ತಿದರೆ ವೇಷ ಕುಣಿಯುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ನೀವು ಹೊಟ್ಟೆ ಹಸಿದು ಚುರುಮುರಿ ತರಲು ಹೋದರೆ ಆಟ ನಿಮಗಾಗಿ ಕಾಯುವುದಿಲ್ಲ. ಅನಿಮೇಷನ್ ಹಾಗೆ. ಇನ್ನು ನಮ್ಮ ಮಂಗಳೂರಿನ ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಸುಮಾರು 1900ರ ಹೊತ್ತಿನಲ್ಲಿ ಇಟಲಿಯ ಆಂಟೋನಿಯೋ ಮೊಸ್ಕೇನಿ ಅದರ ಗೋಡೆ, ಮಾಡುಗಳ ತುಂಬ ಚಿತ್ರ ಬರೆದರು. ತಲೆ ಎತ್ತಿದರೆ ಅಲೋಶಿಯಸರ ಬದುಕು ಒಂದರ ಮುಂದೆ ಒಂದು ಚಿತ್ರವಾಗಿ ಕಾಣುತ್ತದೆ. ಅಲ್ಲಿ ಸಮಯ ನಿಮ್ಮ ಕಾಲಲ್ಲಿ, ನಿಮ್ಮ ಕುತ್ತಿಗೆಯಲ್ಲಿ. ಬೇಕಾದಷ್ಟು ಹೊತ್ತು ನಿಲ್ಲಿ, ಹಿಂದಕ್ಕೆ ಹೋಗಿ. ನನ್ನ ಪ್ರಕಾರ ಮಂಗಳೂರಿನ ಅತಿ ದೊಡ್ಡ ಕಾಮಿಕ್ಸ್ ಅದೇ. ಫಾದರ್‌ಗಳು ಕ್ಷಮಿಸಬೇಕು.

ಕಾಮಿಕ್ಸ್‌ನಿಂದ ಅನಿಮೇಷನ್‌ಗೆ ಹೋದ ದೊಡ್ಡವರೂ ಇದ್ದಾರೆ. ಅಮೆರಿಕದ ವಿನ್ಸರ್ ಮೆಕೇ ಪತ್ರಿಕೆಗೆ ಚಿತ್ರಕಥೆ ಬರೆಯುತ್ತಿದ್ದವರು. 1914ರಲ್ಲಿ ಒಂದು ಡೈನೋಸಾರನ್ನು ತೆರೆಯ ಮೇಲೆ ಕುಣಿಸಿದರು. ಸಾವಿರಾರು ಹಾಳೆ, ಪ್ರತಿ ಹಾಳೆಯಲ್ಲೂ ಹಿಂದಿನ ಬೆಟ್ಟ, ಕಲ್ಲುಗಳನ್ನು ಮತ್ತೆ ಬರೆಯಬೇಕಿತ್ತು. ಜಪಾನಿನ ಒಸಾಮು ತೆಜುಕಾ 1963ರಲ್ಲಿ ವಾರಕ್ಕೊಂದು ಕಂತು ಟೀವಿಗೆ ಕೊಡಲು ಹೊರಟಾಗ ಚಿತ್ರಗಳನ್ನೇ ಕಡಿಮೆ ಮಾಡಿದರು. ಮುಖ ನಿಂತಿರುತ್ತದೆ, ಬಾಯಿ ಮಾತ್ರ ಆಡುತ್ತದೆ. ಬೈದವರು ಬೈದರು. ನನಗೆ ತೆಜುಕಾ ಅನಿಮೇಷನ್‌ಗೂ ಕಾಮಿಕ್ಸ್ ಬುದ್ಧಿಯನ್ನೇ ಒಯ್ದ ಹಾಗೆ ಕಾಣುತ್ತದೆ. ಅಷ್ಟು ದೂರ ಯಾಕೆ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರ ನೋಡಿ. ನಾಲ್ಕೈದು ಗೆರೆ, ಒಬ್ಬಳು ನರ್ತಕಿ. ಹಾಳೆ ನಿಂತಿದೆ, ಅವಳು ನಿಂತಿಲ್ಲ.

ಫೋನಿನಲ್ಲಿ ಓದುವ ಕಾಮಿಕ್ಸ್‌ಗೆ ಇನ್ನೊಂದು ಅನುಕೂಲ. ಪುಟ ಮುಗಿಯುವುದೇ ಇಲ್ಲ, ಬೆರಳು ಕೆಳಗೆ ಎಳೆಯುತ್ತಾ ಹೋಗುತ್ತದೆ. ಎರಡು ಚಿತ್ರಗಳ ನಡುವೆ ಒಂದು ಪರದೆಯಷ್ಟು ಖಾಲಿ ಬಿಟ್ಟರೆ ಅದೇ ಮೌನ. ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿಯನ್ನು ನಾನು ಬರೆದದ್ದು ಹೀಗೆಯೇ: ಉದ್ದಕ್ಕೆ ಕಪ್ಪು, ಎಲ್ಲೋ ಕೆಳಗೆ ಒಂದು ‘ಟಪ್’. ಹೆಂಚು ಸೋರುತ್ತಿದೆ ಅಂತ ಬೇರೆ ಹೇಳಬೇಕಾ?

ಕಷ್ಟ ಇರುವುದು ಅಕ್ಷರದಲ್ಲಿ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ, ಸಾಲು ಒತ್ತೊತ್ತಾಗಿ ಕೂರುತ್ತದೆ. ನಮ್ಮಲ್ಲಿ ‘ರಾಷ್ಟ್ರ’ ಎಂದು ಬರೆದರೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತವೆ. ಮಾತಿನ ಗುಳ್ಳೆ ದೊಡ್ಡದಾಗುತ್ತದೆ, ಮುಖ ಮುಚ್ಚಿಹೋಗುತ್ತದೆ. ಚಿತ್ರ ಬರೆಯುವ ಕೆಲವು ಸಾಫ್ಟ್‌ವೇರುಗಳು ಒತ್ತು, ದೀರ್ಘಗಳನ್ನು ಬಿಡಿಬಿಡಿಯಾಗಿ ಎಸೆಯುತ್ತವೆ. ಅದಕ್ಕೇ ನಾನು ಕೈಯಲ್ಲೇ ಬರೆಯುತ್ತೇನೆ. ಹೀಗಾಗಿ ಮಾತೂ ಕಡಿಮೆಯಾಯಿತು. ‘ನಾನು ಹೋಗುತ್ತಿದ್ದೇನೆ’ ಇದ್ದದ್ದು ‘ಹೋಗ್ತೇನೆ’ ಆಯಿತು. ಆಮೇಲೆ ಅದೂ ಬೇಡ ಎನಿಸಿ ಚಪ್ಪಲಿ ಹಾಕಿಕೊಳ್ಳುವ ಕಾಲು ಬರೆದೆ.

ಸರಿ, ನನ್ನ ಮಾತು ಸಾಕು. ನಿಮಗೆ ಕೊಟ್ಟ ಹಾಳೆಯಲ್ಲಿ ಎರಡು ಚೌಕ ಇವೆ. ಮೊದಲನೆಯದರಲ್ಲಿ ಸ್ಟೇಟ್‌ಬ್ಯಾಂಕ್ ಕಡೆಯ ಸಿಟಿ ಬಸ್, ಬಾಗಿಲಲ್ಲಿ ನೇತಾಡುತ್ತಾ ಸೀಟಿ ಊದುವ ಕಂಡಕ್ಟರ್, ಹಿಂದೆ ಒಬ್ಬ ಹುಡುಗಿ ಓಡಿ ಬರುತ್ತಿದ್ದಾಳೆ. ಎರಡನೆಯದು ಖಾಲಿ. ಅವಳು ಬಸ್ ಹತ್ತುವುದನ್ನು ಮಾತ್ರ ಬರೆಯಬಾರದು. ಆದರೆ ಹತ್ತಿದಳೋ ಇಲ್ಲವೋ ನನಗೆ ಗೊತ್ತಾಗಬೇಕು. ಹತ್ತು ನಿಮಿಷ ಇದೆ. ಪೆನ್ಸಿಲ್ ಇಲ್ಲದವರು ಇಲ್ಲಿ ಬನ್ನಿ.